ಸ್ವನಿಷೇಚನ, ಪರನಿಷೇಚನ ಮತ್ತು ಹಾನಿಕಾರಕ ಉತ್ಪರಿವರ್ತನೆಗಳು

ಸ್ವನಿಷೇಚನ ಎಂದರೆ ಒಂದೇ ಜೀವಿಯಲ್ಲಿ ಉತ್ಪತ್ತಿಯಾದ ಗಂಡು ಮತ್ತು ಹೆಣ್ಣು ಲಿಂಗಾಣುಗಳು ಕೂಡಿ ಸಂತತಿಯನ್ನು ಉಂಟುಮಾಡುವ ಕ್ರಿಯೆ. ಒಂದೇ ಪ್ರಭೇದಕ್ಕೆ ಸೇರಿದ ಎರಡು ಬೇರೆ ಬೇರೆ ಜೀವಿಗಳ ಲಿಂಗಾಣುಗಳು ಕೂಡಿದರೆ ಅದನ್ನು ಪರನಿಷೇಚನ ಎನ್ನಲಾಗುತ್ತದೆ. ಪ್ರತಿಯೊಂದು ಪೀಳಿಗೆಯಲ್ಲಿಯೂ ಜೀವಿಗಳ ಡಿಎನ್‌ಎಯಲ್ಲಿ ಹೊಸ ಉತ್ಪರಿವರ್ತನೆಗಳು ಉಂಟಾಗುತ್ತಿರುತ್ತವೆ. ಜೀವಿಯ ಮೇಲೆ ಪರಿಣಾಮ ಬೀರುವ ಉತ್ಪರಿವರ್ತನೆಗಳಲ್ಲಿ ಬಹುಪಾಲು ಹಾನಿಕಾರಕವಾಗಿರುತ್ತವೆ. ಈ ದೋಷಗಳು ಒಂದು ಜೀವಿಸಮೂಹದಲ್ಲಿ ಅಡಗಿ ಉಳಿಯುತ್ತವೆಯೇ, ಹೊರಬಿದ್ದು ನಾಶವಾಗುತ್ತವೆಯೇ ಅಥವಾ ನಿಧಾನವಾಗಿ ಸಂಚಯಗೊಳ್ಳುತ್ತವೆಯೇ ಎಂಬುದು ಆ ಸಮೂಹದ ಸಂತಾನೋತ್ಪತ್ತಿ ಕ್ರಮವನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಸ್ವನಿಷೇಚನದ ಪರಿಣಾಮ ಇಬ್ಬಗೆಯದು. ಮಾರಕವಾದ ದೊಡ್ಡ ದೋಷಗಳನ್ನು ಅದು ಬಯಲಿಗೆ ತಂದು ನಿಸರ್ಗದ ಆಯ್ಕೆಗೆ ಒಪ್ಪಿಸುತ್ತದೆ. ಆದರೆ ಅಲ್ಪ ಹಾನಿಯ ಸಣ್ಣ ದೋಷಗಳು ಶಾಶ್ವತವಾಗಿ ನೆಲೆಗೊಳ್ಳಲು ಅವಕಾಶ ನೀಡುತ್ತದೆ. ಪರನಿಷೇಚನದಲ್ಲಿ ದೊಡ್ಡ ದೋಷಗಳು ಮರೆಯಲ್ಲಿ ಉಳಿಯುತ್ತವೆ. ಆದರೆ ವಂಶವಾಹಿಗಳು ಪ್ರತಿ ಪೀಳಿಗೆಯಲ್ಲೂ ಮರುಜೋಡಣೆಯಾಗುವುದರಿಂದ ಸಣ್ಣ ದೋಷಗಳನ್ನು ತೊಡೆದುಹಾಕುವುದು ಸಾಧ್ಯವಾಗುತ್ತದೆ. ಬೆಳೆಗಳ ತಳಿ ಅಭಿವೃದ್ಧಿ, ಅಳಿವಿನಂಚಿನ ಪ್ರಾಣಿಗಳ ಸಂರಕ್ಷಣೆ ಮತ್ತು ಲೈಂಗಿಕ ಸಂತಾನೋತ್ಪತ್ತಿಯ ವಿಕಾಸದ ಅಧ್ಯಯನದಲ್ಲಿ ಈ ವ್ಯತ್ಯಾಸಕ್ಕೆ ಮಹತ್ವವಿದೆ.

ಮೂಲ ಪರಿಕಲ್ಪನೆಗಳು

ಹೂಬಿಡುವ ಸಸ್ಯಗಳಲ್ಲಿ ಸ್ವಕೀಯ ಪರಾಗಸ್ಪರ್ಶದಿಂದ ಸ್ವನಿಷೇಚನವೂ ಪರಕೀಯ ಪರಾಗಸ್ಪರ್ಶದಿಂದ ಪರನಿಷೇಚನವೂ ನಡೆಯುತ್ತದೆ. ಒಂದು ಹೂವಿನ ಪರಾಗವು ಅದೇ ಗಿಡದ ಇನ್ನೊಂದು ಹೂವಿನ ಶಲಾಕಾಗ್ರವನ್ನು ಸೇರಿದರೂ ಆನುವಂಶಿಕವಾಗಿ ಅದು ಸ್ವನಿಷೇಚನವೇ ಆಗಿರುತ್ತದೆ. ಭತ್ತ, ಗೋಧಿ, ರಾಗಿ ಮತ್ತು ಬಟಾಣಿ ಪ್ರಧಾನವಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆಗಳು. ಮುಸುಕಿನ ಜೋಳ ಮತ್ತು ಸಜ್ಜೆಗಳಲ್ಲಿ ಪರಕೀಯ ಪರಾಗಸ್ಪರ್ಶವೇ ಹೆಚ್ಚು. ತೊಗರಿಯಲ್ಲಿ ಎರಡೂ ಕ್ರಮಗಳು ಕಂಡುಬರುತ್ತವೆ. ಪ್ರಾಣಿಗಳಲ್ಲಿ ಕೆಲವು ಬಸವನಹುಳುಗಳು ಹಾಗೂ ಸೀನೊರ‍್ಯಾಬ್ಡೈಟಿಸ್ ಎಲಿಗನ್ಸ್ ಎಂಬ ದುಂಡುಹುಳು ಸ್ವನಿಷೇಚನ ನಡೆಸುತ್ತವೆ. ಕಶೇರುಕಗಳಲ್ಲಿ ಇದು ಅತ್ಯಂತ ವಿರಳ. ಅಮೆರಿಕದ ಕಾಂಡ್ಲಾ ಕಾಡುಗಳಲ್ಲಿ ವಾಸಿಸುವ ಮ್ಯಾಂಗ್ರೋವ್ ರಿವ್ಯುಲಸ್ ಎಂಬ ಸಣ್ಣ ಮೀನು ಇದಕ್ಕೆ ಪ್ರಸಿದ್ಧ ಉದಾಹರಣೆ.

ದ್ವಿಗುಣಿತ ಜೀವಿಗಳಲ್ಲಿ ಪ್ರತಿಯೊಂದು ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಎರಡೂ ಪ್ರತಿಗಳು ಒಂದೇ ರೂಪದವಾಗಿದ್ದರೆ ಅದನ್ನು ಸಮಯುಗ್ಮಜ ಸ್ಥಿತಿ ಎಂದೂ, ಭಿನ್ನ ರೂಪದವಾಗಿದ್ದರೆ ವಿಷಮಯುಗ್ಮಜ ಸ್ಥಿತಿ ಎಂದೂ ಕರೆಯುತ್ತಾರೆ. ಹಾನಿಕಾರಕ ಉತ್ಪರಿವರ್ತನೆಗಳಲ್ಲಿ ಅನೇಕವು ಅಪ್ರಭಾವಿಯಾಗಿರುತ್ತವೆ. ಅಂದರೆ ಒಂದು ಪ್ರತಿ ಕೆಟ್ಟಿದ್ದರೂ ಸರಿಯಾಗಿರುವ ಇನ್ನೊಂದು ಪ್ರತಿ ಕೆಲಸವನ್ನು ಪೂರೈಸುವುದರಿಂದ ದೋಷವು ಹೊರಗೆ ಕಾಣಿಸುವುದಿಲ್ಲ. ದೋಷಯುಕ್ತ ಪ್ರತಿಯನ್ನು ಹೊಂದಿಯೂ ಆರೋಗ್ಯವಾಗಿರುವ ಇಂತಹ ಜೀವಿಯನ್ನು ವಾಹಕ ಎನ್ನಲಾಗುತ್ತದೆ. ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ದೋಷ ಪ್ರಕಟವಾಗುತ್ತದೆ.

ಅಧ್ಯಯನದ ಇತಿಹಾಸ

ಈ ವಿಷಯದ ಮೊದಲ ವಿಸ್ತೃತ ಪ್ರಾಯೋಗಿಕ ಅಧ್ಯಯನ ಚಾರ್ಲ್ಸ್ ಡಾರ್ವಿನ್‌ನದು. ಬೇರೊಂದು ಉದ್ದೇಶಕ್ಕಾಗಿ ಲೈನೇರಿಯ ವಲ್ಗ್ಯಾರಿಸ್ ಗಿಡದ ಸ್ವನಿಷೇಚಿತ ಮತ್ತು ಪರನಿಷೇಚಿತ ಬೀಜಗಳನ್ನು ಎರಡು ಪಾತಿಗಳಲ್ಲಿ ಬೆಳೆಸಿದಾಗ, ಪರನಿಷೇಚಿತ ಸಸಿಗಳು ಸ್ಪಷ್ಟವಾಗಿ ಎತ್ತರವೂ ಪುಷ್ಟವೂ ಆಗಿದ್ದುದನ್ನು ಅವನು ಗಮನಿಸಿದನು. ಬಳಿಕ 11 ವರ್ಷಗಳ ಕಾಲ ಹಲವಾರು ಪ್ರಭೇದಗಳ ಮೇಲೆ ಪ್ರಯೋಗ ನಡೆಸಿ, 1876ರಲ್ಲಿ ಸಸ್ಯಗಳ ಸ್ವನಿಷೇಚನ ಮತ್ತು ಪರನಿಷೇಚನದ ಪರಿಣಾಮಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು.

ಇಪೋಮಿಯ ಪರ್ಪ್ಯೂರಿಯ ಎಂಬ ಬಳ್ಳಿಯ ಮೇಲೆ ಡಾರ್ವಿನ್ 10 ಪೀಳಿಗೆಗಳವರೆಗೆ ಪ್ರಯೋಗ ಮುಂದುವರಿಸಿದನು. ಕೀಟಗಳು ಬಾರದಂತೆ ಬಲೆ ಹೊದಿಸಿ, ಒಂದೇ ಕುಂಡದ ಎದುರುಬದುರು ಬದಿಗಳಲ್ಲಿ ಎರಡು ಬಗೆಯ ಸಸಿಗಳನ್ನು ಬೆಳೆಸಿ ಎತ್ತರವನ್ನು ಅಳೆಯಲಾಯಿತು. ಎಲ್ಲ ಪೀಳಿಗೆಗಳನ್ನೂ ಒಟ್ಟಾಗಿ ಪರಿಗಣಿಸಿದಾಗ ಪರನಿಷೇಚಿತ ಮತ್ತು ಸ್ವನಿಷೇಚಿತ ಗಿಡಗಳ ಸರಾಸರಿ ಎತ್ತರದ ಅನುಪಾತ 100ಕ್ಕೆ 77 ಆಗಿತ್ತು. ಆದರೆ ಆರನೆಯ ಪೀಳಿಗೆಯಲ್ಲಿ ಒಂದು ಸ್ವನಿಷೇಚಿತ ಗಿಡವು ತನ್ನ ಎದುರಾಳಿ ಪರನಿಷೇಚಿತ ಗಿಡಕ್ಕಿಂತ ಎತ್ತರವಾಗಿ ಬೆಳೆಯಿತು. ಡಾರ್ವಿನ್ ಅದಕ್ಕೆ ‘ಹೀರೋ’ ಎಂದು ಹೆಸರಿಟ್ಟನು. ಅದರ ಸಂತತಿಯೂ ಪುಷ್ಟವಾಗಿತ್ತು. ಆನುವಂಶಿಕತೆಯ ನಿಯಮಗಳು ಆಗ ಡಾರ್ವಿನ್‌ನಿಗೆ ತಿಳಿದಿರಲಿಲ್ಲವಾದ್ದರಿಂದ ಈ ಫಲಿತಾಂಶಗಳ ಕಾರಣ ಅವನಿಗೆ ಸ್ಪಷ್ಟವಾಗಲಿಲ್ಲ. ಇಂದಿನ ತಿಳಿವಳಿಕೆಯಂತೆ ‘ಹೀರೋ’ ತನ್ನ ಪೂರ್ವಿಕರಲ್ಲಿದ್ದ ಅನೇಕ ಹಾನಿಕಾರಕ ರೂಪಗಳನ್ನು ಕಳೆದುಕೊಂಡ ಗಿಡವಾಗಿದ್ದಿರಬಹುದು.

1900ರಲ್ಲಿ ಮೆಂಡೆಲ್‌ನ ನಿಯಮಗಳು ಮತ್ತೆ ಬೆಳಕಿಗೆ ಬಂದ ನಂತರ ಈ ಪ್ರಶ್ನೆಗೆ ಗಣಿತದ ನೆಲೆಗಟ್ಟು ದೊರೆಯಿತು. ಜೆ. ಬಿ. ಎಸ್. ಹಾಲ್ಡೇನ್ 1937ರಲ್ಲಿ ಒಂದು ಅನಿರೀಕ್ಷಿತ ಫಲಿತಾಂಶವನ್ನು ಮಂಡಿಸಿದನು. ಹಾನಿಕಾರಕ ಉತ್ಪರಿವರ್ತನೆಗಳಿಂದ ಒಂದು ಸಮೂಹದ ಸರಾಸರಿ ಕ್ಷಮತೆಯಲ್ಲಿ ಆಗುವ ನಷ್ಟವು ಪ್ರತಿಯೊಂದು ದೋಷವೂ ಎಷ್ಟು ತೀವ್ರ ಎಂಬುದನ್ನಲ್ಲ, ದೋಷಗಳು ಎಷ್ಟು ಬಾರಿ ಹುಟ್ಟುತ್ತವೆ ಎಂಬುದನ್ನು ಅವಲಂಬಿಸಿದೆ ಎಂಬುದೇ ಆ ಫಲಿತಾಂಶ. ತೀವ್ರ ದೋಷಗಳು ಬೇಗನೆ ಅಳಿಯುತ್ತವೆ. ಸೌಮ್ಯ ದೋಷಗಳು ಬಹುಕಾಲ ಉಳಿದು ಅನೇಕ ಜೀವಿಗಳನ್ನು ಸ್ವಲ್ಪ ಸ್ವಲ್ಪ ಬಾಧಿಸುತ್ತವೆ. ಒಟ್ಟು ನಷ್ಟ ಬಹುತೇಕ ಸಮನಾಗುತ್ತದೆ. ಈ ನಷ್ಟವನ್ನು ಈಗ ಉತ್ಪರಿವರ್ತನಾ ಹೊರೆ ಎಂದು ಕರೆಯಲಾಗುತ್ತದೆ. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಭಾರತೀಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ನಿಧನ ಹೊಂದಿದನು.

ಸ್ವನಿಷೇಚನದಿಂದ ದೋಷಗಳು ಪ್ರಕಟವಾಗುವ ಬಗೆ

ಒಂದು ವಿಷಮಯುಗ್ಮಜ ಗಿಡವು ಸ್ವನಿಷೇಚನ ನಡೆಸಿದರೆ ಅದರ ಸಂತತಿಯಲ್ಲಿ ಅರ್ಧ ಭಾಗ ಮಾತ್ರ ವಿಷಮಯುಗ್ಮಜವಾಗಿರುತ್ತದೆ. ಉಳಿದ ಅರ್ಧದಲ್ಲಿ ಕಾಲು ಭಾಗಕ್ಕೆ ಎರಡೂ ಒಳ್ಳೆಯ ಪ್ರತಿಗಳೂ, ಇನ್ನೊಂದು ಕಾಲು ಭಾಗಕ್ಕೆ ಎರಡೂ ಕೆಟ್ಟ ಪ್ರತಿಗಳೂ ದೊರೆಯುತ್ತವೆ. ಸ್ವನಿಷೇಚನ ಮುಂದುವರಿದಂತೆ ವಿಷಮಯುಗ್ಮಜ ಸ್ಥಿತಿಯು ಶೇ. 50, 25, 12.5, 6.25 ಎಂಬಂತೆ ಪ್ರತಿ ಪೀಳಿಗೆಗೂ ಅರ್ಧಕ್ಕೆ ಇಳಿಯುತ್ತದೆ. ಹತ್ತು ಪೀಳಿಗೆಗಳ ನಂತರ ಅದು ಮೂಲ ಪ್ರಮಾಣದ ಶೇ. 0.1ಕ್ಕಿಂತಲೂ ಕಡಿಮೆಯಾಗಿರುತ್ತದೆ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 10,000 ಗಿಡಗಳಿರುವ ಸಮೂಹವೊಂದರಲ್ಲಿ ಒಂದು ವಂಶವಾಹಿಯ 20,000 ಪ್ರತಿಗಳಿರುತ್ತವೆ. ಅವುಗಳಲ್ಲಿ 200 ಪ್ರತಿಗಳು, ಅಂದರೆ ಶೇ. 1ರಷ್ಟು, ದೋಷಯುಕ್ತವಾಗಿವೆ ಎಂದು ಭಾವಿಸಿದರೆ:

• ಗಿಡಗಳು ಯಾದೃಚ್ಛಿಕವಾಗಿ ಪರನಿಷೇಚನ ನಡೆಸುವ ಸಮೂಹದಲ್ಲಿ 198 ಗಿಡಗಳು ವಾಹಕಗಳಾಗಿರುತ್ತವೆ. ದೋಷ ಪ್ರಕಟವಾಗುವುದು ಸರಾಸರಿ 1 ಗಿಡದಲ್ಲಿ ಮಾತ್ರ. 200 ಕೆಟ್ಟ ಪ್ರತಿಗಳಲ್ಲಿ 198 ಪ್ರತಿಗಳು ಆಯ್ಕೆಯ ಕಣ್ಣಿಗೆ ಬೀಳುವುದಿಲ್ಲ.
• ಬಹುಕಾಲದಿಂದ ಸ್ವನಿಷೇಚನವನ್ನೇ ನಡೆಸುತ್ತ ಬಂದ ಸಮೂಹದಲ್ಲಿ ವಾಹಕಗಳು ಬಹುತೇಕ ಇರುವುದಿಲ್ಲ. ಸುಮಾರು 100 ಗಿಡಗಳಲ್ಲಿ ದೋಷ ಪ್ರಕಟವಾಗುತ್ತದೆ. ಕೆಟ್ಟ ಪ್ರತಿಗಳೆಲ್ಲವೂ ಆಯ್ಕೆಗೆ ಒಳಪಡುತ್ತವೆ.

ಪರನಿಷೇಚನಕ್ಕೆ ಒಗ್ಗಿದ ಸಮೂಹವು ಹಠಾತ್ತಾಗಿ ಸ್ವನಿಷೇಚನಕ್ಕೆ ತಿರುಗಿದರೆ ಅದುವರೆಗೆ ಅಡಗಿದ್ದ ದೋಷಗಳು ಒಮ್ಮೆಲೇ ಹೊರಬರುತ್ತವೆ. ಬೀಜಗಳು ಮೊಳೆಯದಿರುವುದು, ಸಸಿಗಳು ಬಿಳಿಚಿಕೊಂಡು ಸಾಯುವುದು, ಬೆಳವಣಿಗೆ ಕುಂಠಿತವಾಗುವುದು ಮತ್ತು ಫಲವತ್ತತೆ ತಗ್ಗುವುದು ಇದರ ಲಕ್ಷಣಗಳು. ಹತ್ತಿರದ ಸಂಬಂಧಿಗಳ ನಡುವಿನ ಸಂತಾನೋತ್ಪತ್ತಿಯಿಂದ ಸಂತತಿಯ ಕ್ಷಮತೆ ಹೀಗೆ ತಗ್ಗುವುದನ್ನು ಅಂತಃಪ್ರಜನನ ಕುಸಿತ ಎನ್ನಲಾಗುತ್ತದೆ. ಸ್ವನಿಷೇಚನವು ಅಂತಃಪ್ರಜನನದ ಅತ್ಯಂತ ತೀವ್ರ ರೂಪವಾಗಿದೆ.

ಶುದ್ಧೀಕರಣ

ಪ್ರಕಟವಾದ ದೋಷವು ತನ್ನನ್ನು ಹೊತ್ತ ಜೀವಿಯೊಂದಿಗೆ ಅಳಿಯುತ್ತದೆ. ಸ್ವನಿಷೇಚನ ಹಲವು ಪೀಳಿಗೆಗಳವರೆಗೆ ನಡೆದರೆ, ತೀವ್ರ ದೋಷಗಳಿದ್ದ ವಂಶಗಳು ನಶಿಸಿ, ಅವು ಇಲ್ಲದ ವಂಶಗಳು ಉಳಿಯುತ್ತವೆ. ಈ ಕ್ರಿಯೆಗೆ ಶುದ್ಧೀಕರಣ ಎಂದು ಹೆಸರು. ಉದಾಹರಣೆಗೆ, ಹತ್ತು ಲಕ್ಷಕ್ಕೆ ಒಂದರ ಪ್ರಮಾಣದಲ್ಲಿ ಹುಟ್ಟುವ, ಸಂಪೂರ್ಣ ಅಪ್ರಭಾವಿಯಾದ ಮಾರಕ ಉತ್ಪರಿವರ್ತನೆಯೊಂದು ಪರನಿಷೇಚನ ನಡೆಸುವ ದೊಡ್ಡ ಸಮೂಹದಲ್ಲಿ ಸಾವಿರಕ್ಕೆ ಒಂದರವರೆಗೆ ಹೆಚ್ಚಬಲ್ಲದು. ಸಂಪೂರ್ಣ ಸ್ವನಿಷೇಚನದ ಸಮೂಹದಲ್ಲಿ ಅದು ಹತ್ತು ಲಕ್ಷಕ್ಕೆ ಕೆಲವೇ ಪ್ರತಿಗಳ ಮಟ್ಟದಲ್ಲಿ ಉಳಿಯುತ್ತದೆ.

ಈ ತರ್ಕವನ್ನು ಸಮರ್ಥಿಸುವ ಪ್ರಯೋಗಗಳಲ್ಲಿ ಸ್ಪೆನ್ಸರ್ ಬ್ಯಾರೆಟ್ ಮತ್ತು ಡೆಬೊರಾ ಚಾರ್ಲ್ಸ್‌ವರ್ತ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ಮುಖ್ಯವಾದುದು. ಅವರು ಐಕಾರ್ನಿಯ ಪ್ಯಾನಿಕ್ಯುಲೇಟ ಎಂಬ ಜಲಸಸ್ಯದ ಎರಡು ಸಮೂಹಗಳನ್ನು ಹೋಲಿಸಿದರು. ಬ್ರೆಜಿಲ್‌ನ ಸಮೂಹ ಪರನಿಷೇಚನ ನಡೆಸುವಂಥದು. ಜಮೈಕಾದ್ದು ಸ್ವನಿಷೇಚನ ನಡೆಸುವಂಥದು. ಸತತವಾಗಿ ಸ್ವನಿಷೇಚನಕ್ಕೆ ಒಳಪಡಿಸಿದಾಗ ಮೊದಲನೆಯ ಸಮೂಹದ ಕ್ಷಮತೆ ಕುಸಿಯಿತು. ಎರಡನೆಯದರಲ್ಲಿ ಅಂತಹ ಕುಸಿತ ಕಾಣಲಿಲ್ಲ.

ಬ್ರಯಾನ್ ಹಸ್ಬೆಂಡ್ ಮತ್ತು ಡಗ್ಲಾಸ್ ಶೆಮ್ಸ್ಕೆ 1996ರಲ್ಲಿ 54 ಸಸ್ಯಪ್ರಭೇದಗಳ ಮಾಹಿತಿಯನ್ನು ಒಟ್ಟುಗೂಡಿಸಿದರು. ಅಂತಃಪ್ರಜನನ ಕುಸಿತವು ಪ್ರಧಾನವಾಗಿ ಪರನಿಷೇಚನ ನಡೆಸುವ ಪ್ರಭೇದಗಳಲ್ಲಿ ಸರಾಸರಿ ಶೇ. 53 ಇದ್ದರೆ, ಪ್ರಧಾನವಾಗಿ ಸ್ವನಿಷೇಚನ ನಡೆಸುವ ಪ್ರಭೇದಗಳಲ್ಲಿ ಶೇ. 23 ಇತ್ತು. ಸ್ವನಿಷೇಚನದ ಪ್ರಭೇದಗಳಲ್ಲಿ ಉಳಿದಿದ್ದ ಕುಸಿತವು ಬೀಜ ಮತ್ತು ಸಸಿಯ ಹಂತಕ್ಕಿಂತ ಬೆಳವಣಿಗೆ ಮತ್ತು ಸಂತಾನೋತ್ಪತ್ತಿಯ ಹಂತಗಳಲ್ಲಿಯೇ ಹೆಚ್ಚಾಗಿ ಕಾಣಿಸಿತು. ಆರಂಭದಲ್ಲಿಯೇ ಕೊಲ್ಲುವ ತೀವ್ರ ದೋಷಗಳು ಶುದ್ಧೀಕರಣದಲ್ಲಿ ನಿವಾರಣೆಯಾಗುತ್ತವೆ, ತಡವಾಗಿ ಅಲ್ಪಸ್ವಲ್ಪ ಬಾಧಿಸುವ ದೋಷಗಳು ಉಳಿದುಕೊಳ್ಳುತ್ತವೆ ಎಂಬುದಕ್ಕೆ ಇದು ಹೊಂದುತ್ತದೆ.

ಸಣ್ಣ ದೋಷಗಳ ಸಂಚಯ

ಶುದ್ಧೀಕರಣಕ್ಕೆ ಮಿತಿಗಳಿವೆ. ಸ್ವನಿಷೇಚನದಲ್ಲಿ ಅಲ್ಪ ಹಾನಿಯ ದೋಷಗಳು ಸಂಚಯಗೊಳ್ಳಲು ಮುಖ್ಯವಾಗಿ ಎರಡು ಕಾರಣಗಳಿವೆ.

ಮೊದಲನೆಯದು ಪರಿಣಾಮಕಾರಿ ಸಮೂಹಗಾತ್ರದ ಇಳಿಕೆ. ಸ್ವನಿಷೇಚನದಿಂದ ಹುಟ್ಟಿದ ಜೀವಿಯ ಎರಡು ವಂಶವಾಹಿ ಪ್ರತಿಗಳು ಬಹುತೇಕ ಒಂದೇ ಆಗಿರುವುದರಿಂದ, ಆನುವಂಶಿಕ ದೃಷ್ಟಿಯಿಂದ ಸಮೂಹವು ಅದರ ಎಣಿಕೆಯ ಅರ್ಧದಷ್ಟು ಜೀವಿಗಳಿರುವಂತೆ ವರ್ತಿಸುತ್ತದೆ. ಸ್ವನಿಷೇಚನ ನಡೆಸಬಲ್ಲ ಒಂದೇ ಬೀಜದಿಂದ ಹೊಸ ಸಮೂಹ ಆರಂಭವಾಗಬಹುದಾದ್ದರಿಂದ ಈ ಗಾತ್ರ ಇನ್ನೂ ಕಿರಿದಾಗುತ್ತದೆ. ಸಣ್ಣ ಸಮೂಹದಲ್ಲಿ ವಂಶವಾಹಿ ರೂಪಗಳ ಪ್ರಮಾಣವು ಕೇವಲ ಆಕಸ್ಮಿಕವಾಗಿ ಏರಿಳಿಯುತ್ತದೆ. ಈ ಏರಿಳಿತವನ್ನು ಜೆನೆಟಿಕ್ ಡ್ರಿಫ್ಟ್ ಎನ್ನುತ್ತಾರೆ. ಒಂದು ದೋಷದ ಹಾನಿ ಅತ್ಯಲ್ಪವಾಗಿದ್ದಾಗ ಆಯ್ಕೆಯ ಬಲಕ್ಕಿಂತ ಆಕಸ್ಮಿಕದ ಬಲವೇ ಹೆಚ್ಚಾಗಿ, ದೋಷಯುಕ್ತ ರೂಪವು ಇಡೀ ಸಮೂಹದಲ್ಲಿ ನೆಲೆಗೊಳ್ಳಬಹುದು.

ಎರಡನೆಯದು ಪುನಃಸಂಯೋಜನೆಯ ನಿಷ್ಫಲತೆ. ಲಿಂಗಾಣುಗಳು ರೂಪುಗೊಳ್ಳುವಾಗ ಜೋಡಿ ವರ್ಣತಂತುಗಳು ತಮ್ಮ ಭಾಗಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಸ್ವನಿಷೇಚಿತ ಜೀವಿಯಲ್ಲಿಯೂ ಈ ವಿನಿಮಯ ನಡೆಯುತ್ತದೆ. ಆದರೆ ಎರಡೂ ವರ್ಣತಂತುಗಳು ಒಂದೇ ಬಗೆಯವಾದ್ದರಿಂದ ಹೊಸ ಜೋಡಣೆ ಯಾವುದೂ ಹುಟ್ಟುವುದಿಲ್ಲ. ಆದ್ದರಿಂದ ಒಂದು ಉಪಯುಕ್ತ ಉತ್ಪರಿವರ್ತನೆ ಹಬ್ಬಿದರೆ ಅದೇ ವರ್ಣತಂತುವಿನಲ್ಲಿರುವ ಹಾನಿಕಾರಕ ರೂಪಗಳೂ ಅದರೊಂದಿಗೆ ಹಬ್ಬುತ್ತವೆ.

ಪುನಃಸಂಯೋಜನೆಯಿಲ್ಲದ ಸಮೂಹದ ಗತಿಯನ್ನು ಹರ್ಮನ್ ಮುಲ್ಲರ್ 1964ರಲ್ಲಿ ಹಲ್ಲುಚಕ್ರದ ಹೋಲಿಕೆಯಿಂದ ವಿವರಿಸಿದನು. ಸಮೂಹದಲ್ಲಿ ಅತ್ಯಂತ ಕಡಿಮೆ ದೋಷಗಳಿರುವ ಕೆಲವೇ ಜೀವಿಗಳು ಆಕಸ್ಮಿಕವಾಗಿ ಸಂತತಿಯಿಲ್ಲದೆ ಸತ್ತರೆ, ಅಷ್ಟು ಕಡಿಮೆ ದೋಷಗಳ ಜೀವಿಯನ್ನು ಮತ್ತೆ ರೂಪಿಸುವ ಮಾರ್ಗವಿರುವುದಿಲ್ಲ. ಚಕ್ರವು ಒಂದು ಹಲ್ಲು ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ತಿರುಗುವುದಿಲ್ಲ. ಇದನ್ನು ಮುಲ್ಲರ್‌ನ ರ‍್ಯಾಚೆಟ್ ಎಂದು ಕರೆಯುತ್ತಾರೆ. ಮುಲ್ಲರ್ ಇದನ್ನು ಲೈಂಗಿಕ ಸಂತಾನೋತ್ಪತ್ತಿಯಿಲ್ಲದ ಜೀವಿಗಳಿಗೆ ಸಂಬಂಧಿಸಿ ಹೇಳಿದ್ದರೂ, ತೀವ್ರ ಸ್ವನಿಷೇಚನದ ಸಮೂಹಗಳಲ್ಲಿಯೂ ಇದಕ್ಕೆ ಸಮಾನವಾದ ಕ್ರಿಯೆ ನಡೆಯಬಲ್ಲದು. ಪರನಿಷೇಚನದಲ್ಲಿ ಹಾಗಲ್ಲ. ಬೇರೆ ಬೇರೆ ದೋಷಗಳಿರುವ ಎರಡು ಜೀವಿಗಳು ಕೂಡಿದಾಗ, ಮುಂದಿನ ಪೀಳಿಗೆಗಳಲ್ಲಿ ಎರಡೂ ದೋಷಗಳಿಲ್ಲದ ಜೀವಿಗಳು ಹುಟ್ಟುವ ಸಾಧ್ಯತೆ ಇರುತ್ತದೆ.

ದುಂಡುಹುಳುಗಳ ಮೇಲಿನ ಪ್ರಯೋಗ

ಈ ಸಿದ್ಧಾಂತಗಳನ್ನು ನೇರವಾಗಿ ಪರೀಕ್ಷಿಸಲು ಸೀನೊರ‍್ಯಾಬ್ಡೈಟಿಸ್ ಎಲಿಗನ್ಸ್ ಅನುಕೂಲಕರ ಜೀವಿ. ಸುಮಾರು 1 ಮಿಲಿಮೀಟರ್ ಉದ್ದದ ಈ ಹುಳುವಿನಲ್ಲಿ ದ್ವಿಲಿಂಗಿಗಳು ಮತ್ತು ಗಂಡುಗಳು ಇರುತ್ತವೆ. ದ್ವಿಲಿಂಗಿಯು ಸ್ವನಿಷೇಚನ ನಡೆಸಬಹುದು ಅಥವಾ ಗಂಡಿನೊಂದಿಗೆ ಕೂಡಬಹುದು; ಎರಡು ದ್ವಿಲಿಂಗಿಗಳು ಪರಸ್ಪರ ಕೂಡಲಾರವು. ಆನುವಂಶಿಕ ಮಾರ್ಪಾಟಿನಿಂದ ಸ್ವನಿಷೇಚನವನ್ನೇ ನಡೆಸುವ ಅಥವಾ ಪರನಿಷೇಚನವನ್ನೇ ನಡೆಸುವ ತಳಿಗಳನ್ನು ಸಿದ್ಧಪಡಿಸಬಹುದು.

ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಲೆವಿ ಮೊರಾನ್, ಮಿಶೆಲ್ ಪಾರ್ಮೆಂಟರ್ ಮತ್ತು ಪ್ಯಾಟ್ರಿಕ್ ಫಿಲಿಪ್ಸ್ ಇಂತಹ ತಳಿಗಳನ್ನು 50 ಪೀಳಿಗೆಗಳವರೆಗೆ ಬೆಳೆಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಸಮೂಹಗಳಲ್ಲಿ ರಾಸಾಯನಿಕದ ಮೂಲಕ ಉತ್ಪರಿವರ್ತನೆಯ ದರವನ್ನು ಹೆಚ್ಚಿಸಲಾಗಿತ್ತು. ಅಂತಹ ಸ್ಥಿತಿಯಲ್ಲಿ ಸ್ವನಿಷೇಚನವನ್ನೇ ಅವಲಂಬಿಸಿದ್ದ ಸಮೂಹಗಳ ಕ್ಷಮತೆ ಗಣನೀಯವಾಗಿ ಕುಸಿಯಿತು. ಪರನಿಷೇಚನದ ಸಮೂಹಗಳು ಹೊರೆಯನ್ನು ಉತ್ತಮವಾಗಿ ತಡೆದುಕೊಂಡವು. ಎರಡೂ ಕ್ರಮಗಳಿಗೆ ಅವಕಾಶವಿದ್ದ ಸಮೂಹಗಳಲ್ಲಿ ಪರನಿಷೇಚನದ ಪ್ರಮಾಣ ಹೆಚ್ಚಿತು. ರೋಗಕಾರಕ ಬ್ಯಾಕ್ಟೀರಿಯವೊಂದಕ್ಕೆ ಹೊಂದಿಕೊಳ್ಳುವುದರಲ್ಲಿಯೂ ಸ್ವನಿಷೇಚನದ ಸಮೂಹಗಳು ಹಿಂದುಳಿದವು.

ಸ್ವನಿಷೇಚನ ಏಕೆ ಉಳಿದಿದೆ?

ಇಷ್ಟು ತೊಡಕುಗಳಿದ್ದರೂ ಸಸ್ಯಗಳಲ್ಲಿ ಸ್ವನಿಷೇಚನವು ಪದೇ ಪದೇ ಸ್ವತಂತ್ರವಾಗಿ ವಿಕಾಸಗೊಂಡಿದೆ. ಪರಾಗವಾಹಕ ಕೀಟಗಳಾಗಲಿ ಸಂಗಾತಿಗಳಾಗಲಿ ಇಲ್ಲದ ಕಡೆಯೂ ಬೀಜಗಟ್ಟುವುದು ಇದರ ಸ್ಪಷ್ಟ ಲಾಭ. ಇನ್ನೊಂದು ಲಾಭವನ್ನು ರೊನಾಲ್ಡ್ ಫಿಶರ್ 1941ರಲ್ಲಿ ತೋರಿಸಿದನು. ಸ್ವನಿಷೇಚನ ನಡೆಸುವ ಗಿಡವು ತನ್ನ ಬೀಜಕ್ಕೆ ಎರಡು ವಂಶವಾಹಿ ಪ್ರತಿಗಳನ್ನೂ, ಪರಾಗದ ಮೂಲಕ ಬೇರೆ ಗಿಡದ ಬೀಜಕ್ಕೆ ಒಂದು ಪ್ರತಿಯನ್ನೂ, ಒಟ್ಟು ಮೂರು ಪ್ರತಿಗಳನ್ನು ದಾಟಿಸುತ್ತದೆ. ಪರನಿಷೇಚನವನ್ನೇ ನಡೆಸುವ ಗಿಡವು ಎರಡನ್ನು ಮಾತ್ರ ದಾಟಿಸುತ್ತದೆ.

ಈ ಲಾಭವನ್ನು ಅಂತಃಪ್ರಜನನ ಕುಸಿತದೊಂದಿಗೆ ತೂಗಿ ನೋಡಿದ ರಸೆಲ್ ಲ್ಯಾಂಡೆ ಮತ್ತು ಡಗ್ಲಾಸ್ ಶೆಮ್ಸ್ಕೆ 1985ರಲ್ಲಿ ಒಂದು ಮಾದರಿಯನ್ನು ಮಂಡಿಸಿದರು. ಸ್ವನಿಷೇಚಿತ ಸಂತತಿಯ ಕ್ಷಮತೆಯು ಪರನಿಷೇಚಿತ ಸಂತತಿಯ ಅರ್ಧಕ್ಕಿಂತ ಕಡಿಮೆಯಿದ್ದರೆ ಪರನಿಷೇಚನ ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚಿದ್ದರೆ ಸ್ವನಿಷೇಚನ ಹಬ್ಬುತ್ತದೆ. ಹಬ್ಬುವುದರೊಂದಿಗೆ ಶುದ್ಧೀಕರಣವೂ ನಡೆಯುವುದರಿಂದ ಕುಸಿತವು ಇನ್ನಷ್ಟು ತಗ್ಗಿ, ಬದಲಾವಣೆ ತ್ವರಿತಗೊಳ್ಳುತ್ತದೆ.

ಆದರೆ ತತ್ಕಾಲದ ಲಾಭವು ದೀರ್ಘಕಾಲದ ಉಳಿವನ್ನು ಖಚಿತಪಡಿಸುವುದಿಲ್ಲ. ಸ್ವನಿಷೇಚನವು ವಿಕಾಸದ ಕುರುಡುದಾರಿ ಎಂಬ ವಿಚಾರವನ್ನು ಲೆಡ್ಯಾರ್ಡ್ ಸ್ಟೆಬಿನ್ಸ್ 1957ರಲ್ಲಿ ಪ್ರತಿಪಾದಿಸಿದನು. ಬದನೆ ಮತ್ತು ಟೊಮೇಟೊ ಸೇರಿರುವ ಸೋಲನೇಸಿ ಕುಟುಂಬದ ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಬೆಂಬಲಿಸುತ್ತದೆ. ತನ್ನದೇ ಪರಾಗವನ್ನು ತಿರಸ್ಕರಿಸುವ ಗುಣವನ್ನು ಕಳೆದುಕೊಂಡ ಪ್ರಭೇದಗಳು ಬೇಗನೆ ಕವಲೊಡೆದರೂ ಅವುಗಳ ಅಳಿವಿನ ದರ ಅದಕ್ಕಿಂತ ಹೆಚ್ಚಾಗಿರುವುದರಿಂದ, ದೀರ್ಘಕಾಲದಲ್ಲಿ ಆ ಗುಣವನ್ನು ಉಳಿಸಿಕೊಂಡ ಪ್ರಭೇದಗಳೇ ವೃದ್ಧಿಸುತ್ತವೆ ಎಂದು ಅದು ತೋರಿಸಿತು.

ಕೃಷಿಯಲ್ಲಿ ಮಹತ್ವ

ಜಾರ್ಜ್ ಶಲ್ 1908ರಲ್ಲಿ ಮುಸುಕಿನ ಜೋಳದ ಕುರಿತು ಪ್ರಕಟಿಸಿದ ಅಧ್ಯಯನವು ಹೈಬ್ರಿಡ್ ಬೀಜೋದ್ಯಮಕ್ಕೆ ಬುನಾದಿಯಾಯಿತು. ಮುಸುಕಿನ ಜೋಳವನ್ನು ಹಲವು ಪೀಳಿಗೆಗಳವರೆಗೆ ಸ್ವನಿಷೇಚನಕ್ಕೆ ಒಳಪಡಿಸಿದರೆ ಕುಬ್ಜವಾದ, ಕಡಿಮೆ ಇಳುವರಿಯ ಶುದ್ಧ ತಳಿಗಳು ದೊರೆಯುತ್ತವೆ. ಅಂತಹ ಎರಡು ತಳಿಗಳನ್ನು ಸಂಕರಿಸಿದಾಗ ಮೊದಲ ಪೀಳಿಗೆಯ ಗಿಡಗಳು ಪುಷ್ಟವಾಗಿ ಬೆಳೆದು ಹೆಚ್ಚು ಇಳುವರಿ ನೀಡುತ್ತವೆ. ಒಂದು ತಳಿಯ ದೋಷಗಳನ್ನು ಇನ್ನೊಂದು ತಳಿಯ ಸರಿಯಾದ ಪ್ರತಿಗಳು ಮರೆಮಾಡುವುದು ಇದಕ್ಕೆ ಪ್ರಮುಖ ಕಾರಣ. ಇದನ್ನು ಸಂಕರ ಓಜಸ್ಸು ಎನ್ನುತ್ತಾರೆ. ಆ ಬೆಳೆಯಿಂದಲೇ ಬೀಜ ಉಳಿಸಿ ಬಿತ್ತಿದರೆ ವಿಷಮಯುಗ್ಮಜ ಸ್ಥಿತಿ ಕಡಿಮೆಯಾಗಿ, ಮರೆಯಾಗಿದ್ದ ದೋಷಗಳು ಮತ್ತೆ ಪ್ರಕಟವಾಗುತ್ತವೆ. ಬೆಳೆ ಏಕರೂಪವಾಗಿರುವುದಿಲ್ಲ, ಇಳುವರಿಯೂ ತಗ್ಗುತ್ತದೆ. ಹೈಬ್ರಿಡ್ ಮುಸುಕಿನ ಜೋಳ ಬೆಳೆಯುವ ರೈತರು ಪ್ರತಿ ಹಂಗಾಮಿನಲ್ಲಿ ಹೊಸ ಬೀಜ ಕೊಳ್ಳಬೇಕಾಗಿರುವುದು ಇದೇ ಕಾರಣದಿಂದ.

ರಾಗಿಯ ಸ್ಥಿತಿ ಇದಕ್ಕೆ ಭಿನ್ನ. ಸ್ವಕೀಯ ಪರಾಗಸ್ಪರ್ಶದ ಈ ಬೆಳೆಯಲ್ಲಿ ತೀವ್ರ ದೋಷಗಳು ಬಹುಮಟ್ಟಿಗೆ ಹಿಂದೆಯೇ ನಿವಾರಣೆಯಾಗಿರುವುದರಿಂದ ಶುದ್ಧ ತಳಿಗಳು ಪುಷ್ಟವಾಗಿಯೇ ಬೆಳೆಯುತ್ತವೆ. ರೈತರು ತಮ್ಮ ಬೆಳೆಯಿಂದಲೇ ಬೀಜ ಉಳಿಸಿಕೊಳ್ಳಬಹುದು. ಆದರೆ ಹೂಗಳು ಅತಿ ಚಿಕ್ಕವಾಗಿದ್ದು ತಮ್ಮಷ್ಟಕ್ಕೇ ನಿಷೇಚನಗೊಳ್ಳುವುದರಿಂದ ಎರಡು ತಳಿಗಳ ಉತ್ತಮ ಗುಣಗಳನ್ನು ಒಂದುಗೂಡಿಸುವುದು ಕಷ್ಟದ ಕೆಲಸ. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಹೀಗೆ ಸಂಕರಣದಿಂದ ದೊರೆತ ಹೊಸ ಜೋಡಣೆಗಳನ್ನು ಅನಂತರದ ಸ್ವನಿಷೇಚನ ಮತ್ತು ಆಯ್ಕೆಯ ಮೂಲಕ ಸ್ಥಿರಗೊಳಿಸಬಹುದು.

ವನ್ಯಜೀವಿ ಸಂರಕ್ಷಣೆಯಲ್ಲಿ ಮಹತ್ವ

ಸ್ವನಿಷೇಚನ ನಡೆಸಲಾಗದ ಪ್ರಾಣಿಗಳಲ್ಲಿಯೂ ಸಮೂಹ ಚಿಕ್ಕದಾದಾಗ ಸಂಬಂಧಿಗಳ ನಡುವೆಯೇ ಸಂತಾನೋತ್ಪತ್ತಿ ನಡೆದು ಇದೇ ಬಗೆಯ ಪರಿಣಾಮಗಳು ಉಂಟಾಗುತ್ತವೆ. ಅಮೆರಿಕದ ಫ್ಲಾರಿಡಾದ ಪ್ಯಾಂಥರ್ ಸಮೂಹವು 1990ರ ದಶಕದ ಆರಂಭದ ವೇಳೆಗೆ ಸುಮಾರು 20–30 ಪ್ರಾಣಿಗಳಿಗೆ ಇಳಿದಿತ್ತು. ಸೊಟ್ಟ ಬಾಲ, ಹೃದಯದ ದೋಷ, ಕೆಳಗಿಳಿಯದ ವೃಷಣ ಮತ್ತು ಕಳಪೆ ವೀರ್ಯ ಅವುಗಳಲ್ಲಿ ಸಾಮಾನ್ಯವಾಗಿದ್ದವು. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಅಲ್ಲಿ ಬಿಡಲಾಯಿತು. ಅನಂತರ ಹುಟ್ಟಿದ ಮಿಶ್ರ ಸಂತತಿಯಲ್ಲಿ ಈ ದೋಷಗಳು ಕಡಿಮೆಯಾಗಿ ಸಂಖ್ಯೆಯೂ ಹೆಚ್ಚಿತು. ಈ ವಿಧಾನವನ್ನು ಆನುವಂಶಿಕ ರಕ್ಷಣೆ ಎನ್ನುತ್ತಾರೆ.

ಶುದ್ಧೀಕರಣವು ತಾನಾಗಿಯೇ ದೋಷಗಳನ್ನು ನಿವಾರಿಸುವುದೆಂದು ಕಾಯುವುದು ಅಳಿವಿನಂಚಿನ ಪ್ರಾಣಿಗಳ ವಿಷಯದಲ್ಲಿ ಅಪಾಯಕಾರಿ. ಆ ಕ್ರಿಯೆಯಲ್ಲಿ ಅನೇಕ ಜೀವಿಗಳು ಸಾಯಲೇಬೇಕಾಗುತ್ತದೆ. ಪ್ರತಿ ಪೀಳಿಗೆಯಲ್ಲಿ ನೂರಾರು ಬೀಜಗಳನ್ನು ಉದುರಿಸುವ ಕಳೆಗಿಡವು ಈ ನಷ್ಟವನ್ನು ಭರಿಸಬಲ್ಲದು. ಎರಡು ಮೂರು ಮರಿಗಳನ್ನು ಹಾಕುವ, ಕೆಲವೇ ಸಂಖ್ಯೆಯಲ್ಲಿ ಉಳಿದಿರುವ ಪ್ರಾಣಿಯು ದೋಷಗಳು ತೊಲಗುವ ಮುನ್ನವೇ ನಿರ್ನಾಮವಾಗಬಹುದು.